ನಮ್ಮ ಡಾಕ್ಟ್ರು ಇರುವಾಗ

ಆ ಬೀದಿಯಲ್ಲಿ ಯಾರಿಗೆ ಹಲ್ಲು ನೋವು ಬಂದರೂ, ಯಾರ ಮಗುವಿನ ಮೈ ಬಿಸಿಯಾದರೂ ಮೊದಲು ಹೋಗಿ ಕೇಳುತ್ತಿದ್ದುದು ಟೋಕನ್ ಅಕ್ಕನನ್ನು. ಹಳೇ ಡಾಕ್ಟರ ಕ್ಲಿನಿಕ್ಕಿನ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು, ಬಂದವರಿಗೆಲ್ಲ ಹಿತ್ತಾಳೆಯ ಬಿಲ್ಲೆ ಕೊಡುತ್ತ ಕೊಡುತ್ತ ಅವಳ ಕೂದಲು ಅರ್ಧ ನರೆತಿತ್ತು. ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಅತ್ತೆ ಕೂಡ ಸಿಟ್ಟು ಬಂದಾಗ "ಏ ಟೋಕನ್!" ಎಂದೇ ಕೂಗುತ್ತಿದ್ದಳು.

ಯಾವ ಕಣ್ಣಿನ ಡಾಕ್ಟರು ಸುಮ್ಮಸುಮ್ಮನೆ ಕನ್ನಡಕ ಬರೆದುಕೊಡುತ್ತಾರೆ, ಯಾವ ಹಲ್ಲಿನ ಡಾಕ್ಟರ ಕೈ ಹಗುರ, ಯಾವ ಲ್ಯಾಬಿನಲ್ಲಿ ಒಂದೇ ಸಲಕ್ಕೆ ನರ ಹಿಡಿದು ರಕ್ತ ತೆಗೆಯುತ್ತಾರೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಪೇಪರಿನಲ್ಲಿ ಬಂದ ಆರೋಗ್ಯದ ಪುಟ ಕತ್ತರಿಸಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸುವುದೂ ಅವಳದೇ ಕೆಲಸ. ಯಾರಾದರೂ ಮೊಬೈಲು ಹಿಡಿದು ಬಂದು, ಯಾವುದೋ ಎಲೆ ಅರೆದು ಕುಡಿದರೆ ಸಕ್ಕರೆ ಕಾಯಿಲೆ ಮಂಗಮಾಯ ಎಂಬ ವಿಡಿಯೋ ತೋರಿಸಿದರೆ, "ಮೊದ್ಲು ಅದನ್ನ ಮಾಡಿದವನು ಕುಡೀಲಿ. ಬದುಕಿದ್ರೆ ನೋಡೋಣ" ಅನ್ನುತ್ತಿದ್ದಳು. ಆದರೆ ಎದೆಯದು, ಹೊಟ್ಟೆಯದು, ಜ್ವರದ್ದು ಎಂದರೆ ಅವಳ ಉತ್ತರ ಒಂದೇ: "ಅದಕ್ಕೆಲ್ಲ ನಮ್ಮ ಡಾಕ್ಟ್ರು ಇರುವಾಗ ಬೇರೆ ಯಾಕೆ?"

ಅವಳು ಹಾಗೆ ಅನ್ನುವುದಕ್ಕೆ ಕಾರಣವಿತ್ತು. ಮದುವೆಯಾಗಿ ಇನ್ನೂ ಮನೆಯ ಮೂಲೆಗಳೇ ಪರಿಚಯವಾಗಿರದ ದಿನಗಳಲ್ಲಿ ಗಂಡ ತೀರಿಕೊಂಡಾಗ, ದಿಕ್ಕುತೋಚದೆ ಕೂತಿದ್ದ ಅವಳನ್ನು ಕರೆದು ಆ ಮೇಜಿನ ಹಿಂದೆ ಕೂರಿಸಿದವರು ಡಾಕ್ಟರು. "ಅಳೋದಾದ್ರೆ ಇಲ್ಲೇ ಕೂತು ಅಳಮ್ಮ, ಹಾಗೇ ಟೋಕನ್ನೂ ಕೊಡು" ಅಂದಿದ್ದರು. ಅಂದಿನಿಂದ ಅವಳು ಮತ್ತು ಅವಳ ಅತ್ತೆ ಇಬ್ಬರೇ ಒಂದು ಮನೆ ನಡೆಸಿಕೊಂಡು ಬಂದಿದ್ದರು, ಒಂದು ದಿನವೂ ಯಾರ ಮುಂದೆಯೂ ಕೈಚಾಚದೆ.

ಡಾಕ್ಟರ ಕಿವಿ ಮಂದವಾಗುತ್ತಿರುವುದು ಅವಳಿಗೆ ಮೊದಲು ತಿಳಿದದ್ದು ಫೋನಿನಿಂದ. ಒಳಗಿನ ಮೇಜಿನ ಮೇಲೆ ಅದು ಬಡಿದುಕೊಳ್ಳುತ್ತಿದ್ದರೂ ಅವರು ಪಕ್ಕದಲ್ಲೇ ಕೂತು ಔಷಧಿ ಚೀಟಿ ಬರೆಯುತ್ತಿದ್ದರು. ಅವಳು ಎದ್ದು ಹೋಗಿ ಎತ್ತಿಕೊಂಡಳು, ಅಷ್ಟೆ. ಆಮೇಲೆ ರೋಗಿಗಳು ಮೆಲ್ಲಗೆ ಹೇಳಿದ್ದನ್ನು ಅವಳು ಗಟ್ಟಿಯಾಗಿ ಮತ್ತೊಮ್ಮೆ ಹೇಳತೊಡಗಿದಳು. "ಎರಡು ದಿನದಿಂದ ಭೇದಿನಾ? ಜೊತೆಗೆ ವಾಂತೀನೂ ಇದೆಯಾ?" ಎಂದು ತಾನೇ ವಿಚಾರಿಸುವವಳ ಹಾಗೆ, ಡಾಕ್ಟರ ಕಡೆ ಮುಖ ಮಾಡಿ. ರೋಗಿಯ ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿಟ್ಟಳು, ಬೆಳಕು ತುಟಿಯ ಮೇಲೆ ಬೀಳಲೆಂದು. ಅವರೂ ಏನೂ ಅನ್ನಲಿಲ್ಲ, ಅವಳೂ ಏನೂ ಅನ್ನಲಿಲ್ಲ. ಹಳೇ ಮನೆಯ ಬಾಗಿಲು ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ ಎಂದು ಮನೆಯವರಿಗೆಲ್ಲ ಅಭ್ಯಾಸವಾಗಿರುತ್ತದಲ್ಲ, ಹಾಗೆ ಅವರಿಬ್ಬರಿಗೂ ಅಭ್ಯಾಸವಾಗಿಹೋಯಿತು.

ಒಂದು ಬೆಳಗ್ಗೆ ಅವಳು ಗುಳಿಗೆಯ ಡಬ್ಬಿ ಕೊಡಲು ಒಳಗೆ ಹೋದಾಗ ಡಾಕ್ಟರು ಒಬ್ಬ ಮುದುಕನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟಿದ್ದರು. "ಉಸಿರು ಎಳ್ಕೊಳ್ಳಿ... ಬಿಡಿ... ಇನ್ನೊಂದ್ಸಲ." ಮೇಲೆ ಇಟ್ಟರು, ಕೆಳಗೆ ಇಟ್ಟರು, ಪಕ್ಕೆಗೆ ಇಟ್ಟರು. ತಲೆಯಾಡಿಸಿ, "ಎದೆ ಸ್ವಚ್ಛವಾಗಿದೆ ಯಜಮಾನ್ರೇ, ಆರಾಮಾಗಿರಿ" ಅಂದರು. ಮುದುಕನ ಮುಖ ಅರಳಿತು. ಟೋಕನ್ ಅಕ್ಕ ಮಾತ್ರ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಸ್ಟೆತಸ್ಕೋಪಿನ ಆ ಕಡೆಯ ತುದಿಗಳು ಡಾಕ್ಟರ ಕಿವಿಯಲ್ಲಿರಲಿಲ್ಲ. ಅವು ಅವರ ಕತ್ತಿನ ಮೇಲೆ ಸುಮ್ಮನೆ ಒರಗಿಕೊಂಡಿದ್ದವು.

ಹಾಕಿಕೊಳ್ಳಲು ಮರೆತಿದ್ದರು. ಹಾಕಿಕೊಂಡರೂ ಹಾಕಿಕೊಳ್ಳದಿದ್ದರೂ ಅವರಿಗೆ ವ್ಯತ್ಯಾಸವೇ ತಿಳಿಯುತ್ತಿಲ್ಲ ಎಂಬುದು ಅವಳಿಗೆ ಹೊರಗೆ ಬಂದು ಕೂತ ಮೇಲೆ ಹೊಳೆಯಿತು. ಇವತ್ತು ಸಂಜೆ ಹೇಳಿಬಿಡಬೇಕು ಅಂದುಕೊಂಡಳು. ಸಂಜೆ ಡಾಕ್ಟರು ಕೋಟು ತೊಡುತ್ತ, "ನೀನಿಲ್ಲದಿದ್ರೆ ಈ ಅಂಗಡಿ ಎಂದೋ ಮುಚ್ಚಿರೋದು ಕಣಮ್ಮ" ಅಂದರು. ನಾಳೆ ಅಂದುಕೊಂಡಳು. ನಾಳೆಗಳು ಸಾಲಾಗಿ ಬಂದು ಸಾಲಾಗಿ ಹೋದವು.

ಅಷ್ಟರಲ್ಲಿ ಅತ್ತೆಗೆ ಕೆಮ್ಮು ಶುರುವಾಯಿತು. ಅತ್ತೆ ಎಂದಿನಂತೆ ಹಳೇ ಡಾಕ್ಟರ ಬಳಿ ಹೋಗಿ, ಎದೆ ತೋರಿಸಿ, ಕೆಂಪು ಸಿರಪ್ಪಿನ ಬಾಟಲಿ ಹಿಡಿದು ಗೆಲುವಾಗಿ ಬಂದಳು. "ಎದೆ ಗಾಜಿನ ಹಾಗಿದೆಯಂತೆ, ನಿನ್ನದಕ್ಕಿಂತ ಚೆನ್ನಾಗಿದೆ" ಎಂದು ಸೊಸೆಗೆ ಹೇಳಿದಳು. ಆದರೆ ಕೆಮ್ಮು ಇಳಿಯಲಿಲ್ಲ. ಮುಖ ಬಾಡಿತು, ಎರಡು ಮಾತಿಗೊಮ್ಮೆ ಉಸಿರು ಹಿಡಿಯತೊಡಗಿತು. ಗೋಡೆಗೆ ತಾನೇ ಅಂಟಿಸಿದ ಪುಟವೊಂದು ಟೋಕನ್ ಅಕ್ಕನ ಕಣ್ಣ ಮುಂದೆ ಬಂತು: ವಯಸ್ಸಾದವರ ಕೆಮ್ಮನ್ನು ಕಡೆಗಣಿಸಬೇಡಿ.

ಸೇತುವೆಯಾಚೆ ಒಬ್ಬರು ಡಾಕ್ಟರಮ್ಮ ಇದ್ದರು. ಅವರ ಬಗ್ಗೆ ಟೋಕನ್ ಅಕ್ಕನಿಗೆ ಎಲ್ಲ ಗೊತ್ತಿತ್ತು. ಗಡಿಬಿಡಿ ಇಲ್ಲದವರು, ಕೇಳಿದ್ದಕ್ಕೆ ಬಿಡಿಸಿ ಹೇಳುವವರು, ಬೇಡದ ಟೆಸ್ಟು ಬರೆಯದವರು. ತೊಂದರೆ ಇದ್ದದ್ದು ಅತ್ತೆಯದು.

"ನಮ್ಮ ಡಾಕ್ಟ್ರನ್ನ ಬಿಟ್ಟು ಬೇರೆಯವರ ಮುಂದೆ ನಾನು ನಾಲಿಗೇನೂ ಚಾಚಲ್ಲ" ಅಂದಳು ಅತ್ತೆ. "ಅವರಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೆ. ನಿನಗಾದ್ರೂ ನಿಯತ್ತು ಬೇಡ್ವೇನೆ?"

ಟೋಕನ್ ಅಕ್ಕ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳಿದಳು. "ಅತ್ತೆ, ಡಾಕ್ಟ್ರೇ ಹೇಳಿ ಕಳಿಸಿದ್ದಾರೆ. ಒಂದ್ಸಲ ಆ ಡಾಕ್ಟರಮ್ಮನೂ ನೋಡ್ಲಿ ಅಂದ್ರು."

"ಹಾಗೆ ಹೇಳು ಮತ್ತೆ! ಎಷ್ಟು ಕಾಳಜಿ ನೋಡು ಅವರಿಗೆ" ಎನ್ನುತ್ತ ಅತ್ತೆ ಒಳ್ಳೇ ಸೀರೆ ಉಟ್ಟು ಹೊರಟಳು.

ಡಾಕ್ಟರಮ್ಮ ಕಣ್ಣು ಮುಚ್ಚಿ, ಒಂದು ಮಾತೂ ಆಡದೆ ಅತ್ತೆಯ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಬಲಗಡೆ ಕೆಳಗೆ ಬಂದಾಗ ಅಲ್ಲೇ ನಿಂತರು. "ಇಲ್ಲಿ ಗೊರಗೊರ ಅಂತಿದೆ. ನ್ಯುಮೋನಿಯಾ ಇರೋ ಹಾಗಿದೆ. ಎದೆಯ ಎಕ್ಸ್-ರೇ ತೆಗೆಸೋಣ, ಔಷಧಿ ಇವತ್ತೇ ಶುರು ಮಾಡೋಣ. ಒಳ್ಳೇ ಸಮಯಕ್ಕೆ ಕರ್ಕೊಂಡ್ ಬಂದ್ರಿ. ಇನ್ನು ನಾಲ್ಕು ದಿನ ಕಾದಿದ್ರೆ ಆಸ್ಪತ್ರೆಗೆ ಸೇರಿಸಬೇಕಾಗ್ತಿತ್ತು." ಟೋಕನ್ ಅಕ್ಕ ಹೂಂ ಅಂದಳು.

ಇದಾದ ಮರುದಿನವೇ ಬೀಗದಣ್ಣ ಬಂದದ್ದು.

ಬೀಗದಣ್ಣನ ಅಂಗಡಿ ಕ್ಲಿನಿಕ್ಕಿನ ಗೇಟಿಗೆ ಅಂಟಿಕೊಂಡೇ ಇತ್ತು. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳು, ಮುಂದೆ ಕಿರ್ರೆಂದು ಕಿಡಿ ಹಾರಿಸುವ ಯಂತ್ರ. ಅವನು ಅವಳನ್ನು ಅಕ್ಕ ಅನ್ನುತ್ತಿದ್ದ, ಅವಳು ಅವನನ್ನು ಅಣ್ಣ ಅನ್ನುತ್ತಿದ್ದಳು. ಯಾರು ಯಾರಿಗೆ ದೊಡ್ಡವರು ಎಂಬುದು ಇಷ್ಟು ಕಾಲವಾದರೂ ತೀರ್ಮಾನವಾಗಿರಲಿಲ್ಲ. "ಹೆಂಗಸರ ವಯಸ್ಸು ಅನ್ನೋ ಬೀಗಕ್ಕೆ ಕೀ ಮಾಡೋಕೆ ನನಗೆ ಬರಲ್ಲ" ಎಂದು ಅವನು ನಗುತ್ತಿದ್ದ. ಕೆಲವು ವಾರಗಳಿಂದ ಅವನ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆಯಾದರೆ ಪಾದ ಊದಿ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ. ಡಾಕ್ಟರು ನೋಡಿದ್ದರು. ಎದೆಗೆ ಸ್ಟೆತಸ್ಕೋಪು ಇಟ್ಟು, "ಗ್ಯಾಸು, ಸ್ವಲ್ಪ ನಿತ್ರಾಣ" ಎಂದು ಗುಳಿಗೆ ಕೊಟ್ಟಿದ್ದರು.

ಅವನು ಅವಳ ಮೇಜಿಗೆ ಮೊಣಕೈ ಊರಿ ನಿಂತ. "ಅಕ್ಕ, ಒಂದು ಮಾತು ಕೇಳ್ಲಾ? ಗುಳಿಗೆ ಮುಗೀತು, ಏದುಸಿರು ಮುಗೀಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ ಅಂತ ಮನೇಲಿ ಒಂದೇ ಸಮ ಹಠ. ನಾನು, ಡಾಕ್ಟ್ರು ನೋಡಿ ಆಗಿದೆಯಲ್ಲ ಅಂತೀನಿ. ನೀವೇನಂತೀರಿ?"

ಹೊರಗೆ ಕಾಯುವ ಬೆಂಚು ತುಂಬಿತ್ತು. ಒಳಗೆ ಡಾಕ್ಟರು ಯಾರಿಗೋ ಏನೋ ಹೇಳಿ ನಗಿಸುತ್ತಿದ್ದರು. ಹೇಳಬೇಕಾದ ಮಾತು ಅವಳ ಬಾಯಿಯ ತನಕ ಬಂದಿತ್ತು, "ಹೋಗಿ ಅಣ್ಣ, ಇವತ್ತೇ ಹೋಗಿ." ಅಷ್ಟು ಹೇಳಿದ್ದರೆ ಸಾಕಿತ್ತು, ಕಾರಣವನ್ನೂ ಹೇಳಬೇಕಾಗಿರಲಿಲ್ಲ. ಆದರೆ ಬೆಂಚಿನ ಮೇಲೆ ಕೂತವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಟೋಕನ್ ಅಕ್ಕನೇ ಬೇರೆ ಕಡೆ ಹೋಗಿ ಅಂದಳಂತೆ ಎಂಬ ಸುದ್ದಿ ಸಂಜೆಯೊಳಗೆ ಬೀದಿ ದಾಟುತ್ತದೆ. ವರ್ಷಗಟ್ಟಲೆ ಆಡಿ ಆಡಿ ಸವೆದ ಮಾತು ತಾನಾಗಿ ಹೊರಬಿತ್ತು.

"ನಮ್ಮ ಡಾಕ್ಟ್ರು ಇರುವಾಗ ಬೇರೆ ಯಾಕಣ್ಣ?"

"ಅದೇ ನಾನೂ ಹೇಳಿದ್ದು" ಎಂದು ಬೀಗದಣ್ಣ ಸಮಾಧಾನವಾಗಿ ಹೋದ.

ಆ ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಕಿರ್ರೆನ್ನುವ ಯಂತ್ರದ ಸದ್ದು ನಿಲ್ಲದೆ ಒಂದೇ ಸಮನೆ ಕೇಳಿಸತೊಡಗಿತು. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಆಮೇಲೆ ಟೋಕನ್ ಅಕ್ಕ ಎದ್ದು ಹೋಗಿ ನೋಡಿದಳು. ಬೀಗದಣ್ಣ ಸ್ಟೂಲಿನಿಂದ ಜಾರಿ ಗೋಡೆಗೆ ಒರಗಿ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಬಾಯಿ ತೆರೆದು ತೆರೆದು ಗಾಳಿ ಹುಡುಕುತ್ತಿದ್ದ. ಅವನ ಎದೆಯೊಳಗಿನ ಗೊರಗೊರ ಸದ್ದು ಅವಳಿಗೆ ನಿಂತಲ್ಲಿಂದಲೇ ಕೇಳಿಸುತ್ತಿತ್ತು, ಯಾವ ಸ್ಟೆತಸ್ಕೋಪೂ ಬೇಕಿರಲಿಲ್ಲ. ಅವಳು ಒಳಗೆ ಹೋಗಿ ಕೈ ಹಿಡಿದೆಳೆದಾಗ ಡಾಕ್ಟರು ಓಡಿ ಬಂದರು, ಅವನನ್ನು ನೆಟ್ಟಗೆ ಕೂರಿಸಿದರು, ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿಗೆ ಫೋನು ಮಾಡಲು ಅವಳಿಗೆ ಹೇಳಿದರು. ಆ ಕೈಗಳಿಗೆ ಇನ್ನೂ ಏನೂ ಆಗಿರಲಿಲ್ಲ. ಅವನು ದೊಡ್ಡಾಸ್ಪತ್ರೆಗೆ ಜೀವಂತ ತಲುಪಿದ್ದೇ ಆ ಇಂಜೆಕ್ಷನ್ನಿನಿಂದ ಎಂದು ಆಮೇಲೆ ಅಲ್ಲಿಯವರು ಹೇಳಿದರು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಹೃದಯದ ಕವಾಟವೊಂದು ಬಹಳ ದಿನದಿಂದ ಕೆಟ್ಟಿದೆ, ಅದರ ಸದ್ದು ಎಷ್ಟು ಜೋರಾಗಿದೆಯೆಂದರೆ ಎದೆಗೆ ಸ್ಟೆತಸ್ಕೋಪು ಇಟ್ಟ ಯಾರಿಗಾದರೂ ತಿಳಿಯಬೇಕಿತ್ತು. ಮೊದಲೇ ಬಂದಿದ್ದರೆ ಆಪರೇಷನ್ ಸುಲಭವಾಗುತ್ತಿತ್ತು, ಈಗ ಹೃದಯ ದಣಿದಿದೆ, ಸ್ವಲ್ಪ ಸುಧಾರಿಸುವ ತನಕ ಕಾಯಬೇಕು.

ಅತ್ತೆಗೆ ಅಷ್ಟರಲ್ಲಿ ಕೆಮ್ಮು ಬಿಟ್ಟಿತ್ತು, ಬಾಯಿಗೆ ರುಚಿ ಬಂದಿತ್ತು, ಊರ ಸುದ್ದಿಗೆ ಕಿವಿ ನೆಟ್ಟಗಾಗಿತ್ತು. ಬೀಗದಣ್ಣನನ್ನು ನೋಡಲೇಬೇಕೆಂದು ಹಠ ಹಿಡಿದು ಹಣ್ಣು ಕಟ್ಟಿಸಿಕೊಂಡು ಸೊಸೆಯ ಜೊತೆ ಆಸ್ಪತ್ರೆಗೆ ಹೊರಟಳು. ಹಾಸಿಗೆಯ ಮೇಲೆ ಬೀಗದಣ್ಣ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಅವನ ಪಾದಗಳನ್ನು ನೋಡುತ್ತಿದ್ದಳು. ಊತ ಇಳಿದು ಪಾದಗಳು ಬಡಕಲಾಗಿ, ಬೇರೆ ಯಾರದ್ದೋ ಪಾದಗಳ ಹಾಗೆ ಕಾಣುತ್ತಿದ್ದವು.

"ಅಕ್ಕ, ನಮ್ಮ ಡಾಕ್ಟ್ರು ನೋಡಿದ್ರಲ್ಲ, ಅವರಿಗೆ ಹೇಗೆ ತಿಳೀದೆ ಹೋಯ್ತು?" ಎಂದು ಅವಳು ಕೇಳಿದಳು. ಟೋಕನ್ ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಳು.

ಅತ್ತೆ ಬೀಗದಣ್ಣನ ಹೆಂಡತಿಯ ಕೈ ಹಿಡಿದಳು. "ಏನೋ ಗ್ರಹಚಾರ ಕಣೇ ತಾಯಿ. ನೋಡು, ನನ್ನನ್ನ ಅವರೇ ಸೇತುವೆಯಾಚೆ ಡಾಕ್ಟರಮ್ಮನ ಹತ್ರ ಕಳಿಸಿದ್ರು. ನ್ಯುಮೋನಿಯಾ ಅಂತ ಅಲ್ಲೇ ಗೊತ್ತಾಗಿದ್ದು. ನಿನ್ನ ಗಂಡನ್ನೂ ಹಾಗೇ ಕಳಿಸಿಬಿಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಬೀಗದಣ್ಣನ ಹೆಂಡತಿ ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಿಮ್ಮನ್ನ ಕಳಿಸಿದ್ರಾ?"

"ಹೂಂ ಮತ್ತೆ. ಇವಳೇ ಕರ್ಕೊಂಡು ಹೋಗಿದ್ದು."

ಡಾಕ್ಟರು ಕಳಿಸಲಿಲ್ಲ, ನಾನೇ ಕರೆದುಕೊಂಡು ಹೋದೆ ಎಂದು ಟೋಕನ್ ಅಕ್ಕ ಆಗಲೇ ಹೇಳಬಹುದಿತ್ತು. ಅವಳು ಎದ್ದು, "ಅತ್ತೆ, ಬಸ್ಸು ತಪ್ಪುತ್ತೆ" ಅಂದಳು. ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

ಮರುದಿನ ಬೆಳಗ್ಗೆ ಬೆಂಚು ತುಂಬಿದ್ದ ಹೊತ್ತಿನಲ್ಲಿ ಬೀಗದಣ್ಣನ ಹೆಂಡತಿ ಬಂದಳು. ಟೋಕನ್ನು ಕೇಳಲಿಲ್ಲ. ನೇರ ಒಳಗೆ ನುಗ್ಗಿದಳು, ಬಾಗಿಲು ತೆರೆದೇ ಇತ್ತು. ಟೋಕನ್ ಅಕ್ಕ ಅವಳ ಹಿಂದೆಯೇ ಓಡಿದಳು.

"ಟೋಕನ್ ಅಕ್ಕನ ಅತ್ತೆಯಾದ್ರೆ ಸೇತುವೆ ದಾಟಿಸಿ ಕಳಿಸ್ತೀರಿ" ಎಂದಳು ಬೀಗದಣ್ಣನ ಹೆಂಡತಿ. ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು. ಅಳು ಒತ್ತರಿಸಿ ಬಂದು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. "ನಮ್ಮವರಾದ್ರೆ ಗ್ಯಾಸು ಅಂತೀರಿ. ನಿಮ್ಮ ಕಡೆಯವರಿಗೊಂದು ನ್ಯಾಯ, ನಮಗೊಂದು ನ್ಯಾಯಾನಾ ಡಾಕ್ಟ್ರೇ?"

ಡಾಕ್ಟರು ಅವಳ ಮುಖವನ್ನೇ ನೋಡಿದರು. ಸೆರಗಿನ ಹಿಂದಿನ ತುಟಿ ಅವರಿಗೆ ಕಾಣಲಿಲ್ಲ. ಎಂದಿನ ಅಭ್ಯಾಸದಂತೆ ಅವರ ಕಣ್ಣು ಟೋಕನ್ ಅಕ್ಕನ ಕಡೆ ಹೊರಳಿತು. ಆ ನೋಟಕ್ಕೆ ಉತ್ತರ ಕೊಟ್ಟು ಕೊಟ್ಟು ಅವಳಿಗೂ ರೂಢಿಯಾಗಿತ್ತು.

"ಅಣ್ಣನಿಗೆ ತುಂಬಾ ಕಷ್ಟ ಆಗಿದೆ, ಅಂತಿದ್ದಾರೆ" ಎಂದಳು ಗಟ್ಟಿಯಾಗಿ, ಬಿಡಿಬಿಡಿಯಾಗಿ.

"ಪಾಪ, ಆಗದೆ ಇರುತ್ತಾ..." ಎಂದು ಡಾಕ್ಟರು ಶುರುಮಾಡಿದರು.

"ನಾನು ಹೇಳಿದ್ದು ಅದಲ್ಲ!" ಬೀಗದಣ್ಣನ ಹೆಂಡತಿ ಸೆರಗು ಕೆಳಗಿಳಿಸಿದಳು. ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿದಳು. "ನಾನು ಹೇಳಿದ್ದನ್ನ ನೀವು ಯಾಕೆ ಇನ್ನೊಂದ್ಸಲ ಹೇಳ್ತೀರಿ? ಅದೂ ತಿರುಚಿ? ಅವರಿಗೆ ಕೇಳಿಸಲ್ವಾ?"

ಬೆಂಚಿನ ಮೇಲಿನ ಮಾತು ನಿಂತಿತು. ಯಾರೋ ಕೆಮ್ಮನ್ನೂ ತಡೆದುಕೊಂಡರು. ಇನ್ನೊಂದು ಸುಳ್ಳಿಗಾಗಿ ಟೋಕನ್ ಅಕ್ಕ ಒಳಗೆಲ್ಲ ತಡಕಾಡಿದಳು. ಒಂದೂ ಕೈಗೆ ಸಿಗಲಿಲ್ಲ.

"ಕೇಳಿಸಲ್ಲ" ಎಂದಳು.

ಆಮೇಲೆ ಡಾಕ್ಟರ ಎದುರಿಗೆ ಹೋಗಿ, ಬೆಳಕಿಗೆ ಮುಖ ಕೊಟ್ಟು ನಿಂತು ಹೇಳಿದಳು, ಅವರಿಗೂ ತಿಳಿಯಲೆಂದು. "ನಿಮಗೆ ಕೇಳಿಸಲ್ಲ ಡಾಕ್ಟ್ರೇ. ಎದೆಯ ಸದ್ದೂ ಕೇಳಿಸಲ್ಲ. ನಾನು ಅತ್ತೇನ ಬೇರೆ ಕಡೆ ಕರ್ಕೊಂಡು ಹೋದೆ. ನೀವೇ ಕಳಿಸಿದ್ರಿ ಅಂತ ಸುಳ್ಳು ಹೇಳಿ ಕರ್ಕೊಂಡು ಹೋದೆ."

"ಅತ್ತೆ ಎದೆ...?" ಎಂದರು ಡಾಕ್ಟರು.

"ನ್ಯುಮೋನಿಯಾ ಅಂದ್ರು."

"ನಾನು ಸ್ವಚ್ಛ ಇದೆ ಅಂದಿದ್ದೆ."

"ಹೂಂ."

ಬೀಗದಣ್ಣನ ಹೆಂಡತಿಯ ಸಿಟ್ಟು ಈಗ ಎಲ್ಲಿ ಹೋಗಿ ನಿಲ್ಲಬೇಕೆಂದು ತಿಳಿಯದೆ ನಿಂತಿತ್ತು. "ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ ಇದು?" ಎಂದು ಕೇಳಿದಳು.

"ಈಚೆಗೆ" ಎಂದಳು ಟೋಕನ್ ಅಕ್ಕ. ಅಷ್ಟೆಲ್ಲ ಹೇಳಿದವಳಿಗೆ ಅದೊಂದನ್ನು ಹೇಳಲಾಗಲಿಲ್ಲ.

ಡಾಕ್ಟರು ಕತ್ತಿನಿಂದ ಸ್ಟೆತಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. ಎದ್ದು ಬಾಗಿಲಿಗೆ ಬಂದು, ಬೆಂಚಿನವರನ್ನು ನೋಡಿ, ತಮಗೆ ಕೇಳಿಸದ ಧ್ವನಿಯ ಮೇಲೆ ಹಿಡಿತವಿಲ್ಲದೆ ಬೇಕಾದ್ದಕ್ಕಿಂತ ಜೋರಾಗಿ ಹೇಳಿದರು: "ಇವತ್ತು ನೋಡೋಕಾಗಲ್ಲ. ಕ್ಷಮಿಸಿ. ಎಲ್ಲರೂ ಸೇತುವೆಯಾಚೆ ಡಾಕ್ಟರಮ್ಮನ ಹತ್ರ ಹೋಗಿ." ಒಬ್ಬ ಹೆಂಗಸು ಅಳುತ್ತ ಎದ್ದಳು. ಇನ್ನೊಬ್ಬರು ಕೈಯಲ್ಲಿದ್ದ ಹಿತ್ತಾಳೆ ಬಿಲ್ಲೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಕುಕ್ಕಿ ಹೋದರು. ಬೀಗದಣ್ಣನ ಹೆಂಡತಿ ಯಾವಾಗ ಹೋದಳೋ ಯಾರೂ ನೋಡಲಿಲ್ಲ.

ಎಲ್ಲ ಹೋದ ಮೇಲೆ ರೋಗಿಯ ಕುರ್ಚಿಯ ಮೇಲೆ ಡಾಕ್ಟರು ಕೂತರು. ಅವಳು ನಿಂತೇ ಇದ್ದಳು.

"ನನ್ನನ್ನ ಬೈದುಬಿಡಿ ಡಾಕ್ಟ್ರೇ" ಅಂದಳು.

"ಯಾತಕ್ಕೆ ಬೈಲಿ? ಕಿವಿ ಹೋಗ್ತಿದೆ ಅಂತ ನನಗೆ ಗೊತ್ತಿತ್ತಮ್ಮ." ಅವರು ಬೆರಳುಗಳನ್ನು ನೋಡಿಕೊಂಡರು. "ಆದ್ರೆ ದಿನಾ ಕೆಲಸ ನಡೀತಿತ್ತು. ಯಾರೂ ಏನೂ ಅಂತಿರ್ಲಿಲ್ಲ. ಅಂದ್ಮೇಲೆ ಅಷ್ಟೇನೂ ಹೋಗಿಲ್ಲ ಅಂದ್ಕೊಂಡೆ. ಎದೆ ಸದ್ದು ಮೆತ್ತಗಾಗಿದೆ, ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ತೂಗಿಸ್ತೀನಿ ಅಂದ್ಕೊಂಡೆ. ನೀನು ಅಷ್ಟು ಚೆನ್ನಾಗಿ ನಡೆಸ್ಕೊಂಡು ಹೋಗ್ತಿದ್ದೆ ನೋಡು, ನನಗೆ ಗೊತ್ತಾಗ್ಲೇ ಇಲ್ಲ."

ಅವರು ಅದನ್ನು ಮೆಚ್ಚುಗೆಯ ಹಾಗೆಯೇ ಹೇಳಿದರು. ಅವಳು ಗೋಡೆಗೆ ತಿರುಗಿ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕುರ್ಚಿ ತಿರುಗಿಸಿಟ್ಟದ್ದು, ಫೋನು ಎತ್ತಿದ್ದು, ಒಂದೊಂದು ಮಾತನ್ನೂ ದೊಡ್ಡದು ಮಾಡಿ ಅವರ ಮುಂದೆ ಇಟ್ಟದ್ದು, ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದಳು. ಅದೇ ಅವರನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

ಡಾಕ್ಟರು ಸೋತು ಕೂರುವವರಲ್ಲ. ಮಾರನೆಯ ದಿನ ಅವರೇ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿ, ತಮ್ಮ ರೋಗಿಗಳನ್ನು ಒಪ್ಪಿಸಿ ಬಂದರು. ಆಮೇಲೆ ಟೋಕನ್ ಅಕ್ಕನನ್ನು ಕರೆದರು. "ಈಚೆಗೆ ಕೆಮ್ಮು, ಏದುಸಿರು, ಎದೆನೋವು ಅಂತ ಬಂದವರು ಯಾರ್ಯಾರು? ನನಗಿಂತ ನಿನಗೇ ಚೆನ್ನಾಗಿ ನೆನಪಿರುತ್ತೆ. ನಡಿ, ಮನೆಮನೆಗೆ ಹೋಗಿ ಹೇಳೋಣ."

"ಚೀಟಿ ಬರೆದು ಕಳಿಸೋಣ ಡಾಕ್ಟ್ರೇ. ನೀವ್ಯಾಕೆ ಓಡಾಡ್ಬೇಕು?"

"ಎದೆ ಸ್ವಚ್ಛ ಇದೆ ಅಂತ ಬಾಯಲ್ಲಿ ಹೇಳಿದ್ದಲ್ವಾ? ಬಾಯಲ್ಲೇ ವಾಪಸ್ ತಗೋಬೇಕು."

ಹೀಗೆ ಅವರಿಬ್ಬರೂ ಸಂಜೆ ಹೊತ್ತು ಬೀದಿ ಬೀದಿ ಸುತ್ತಿದರು. ಬಾಗಿಲು ತೆರೆದವರ ಮುಂದೆ ಡಾಕ್ಟರು ಒಂದೇ ಮಾತು ಹೇಳುತ್ತಿದ್ದರು: "ನಾನು ನಿಮ್ಮ ಎದೆ ನೋಡಿದ್ದು ಲೆಕ್ಕಕ್ಕಿಲ್ಲ. ನನಗೆ ಕಿವಿ ಕೇಳಿಸ್ತಿರ್ಲಿಲ್ಲ. ದಯವಿಟ್ಟು ಇನ್ನೊಂದ್ಸಲ ಬೇರೆಯವರ ಹತ್ರ ತೋರಿಸಿ." ಮಗ್ಗಿ ಹೇಳಿಕೊಡುವ ಒಬ್ಬ ಮೇಷ್ಟ್ರು ಕೋಪದಿಂದ ಬಾಗಿಲು ಹಾಕಿಕೊಂಡರು. ಒಬ್ಬ ಟೈಲರ್, "ನಿಮ್ಮ ಕೈಗುಣವೇ ಸಾಕು ಡಾಕ್ಟ್ರೇ, ಕಿವಿಗೇನು ಬೆಂಕಿ ಬಿತ್ತು" ಎಂದು ಒಳಗೆ ಕರೆದು ಕೂರಿಸಿದ; ಅವನನ್ನು ಹೋಗಿ ತೋರಿಸುವಂತೆ ಒಪ್ಪಿಸಲು ಎಲ್ಲರಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಬೆನ್ನು ತೋರಿಸಿದ್ದ ಆ ಮುದುಕನ ಎದೆ ನಿಜವಾಗಿಯೂ ಸ್ವಚ್ಛವಾಗಿತ್ತು. ಹೂವಿನ ಅಂಗಡಿಯ ಹೆಂಗಸಿಗೆ ಆಸ್ತಮಾ ಇದ್ದದ್ದು ಬೆಳಕಿಗೆ ಬಂತು, ಅವಳು ಈಗ ಉಸಿರಿನ ಪಂಪು ಎಳೆದುಕೊಂಡು ಆರಾಮಾಗಿದ್ದಾಳೆ. ಅಂಥ ಒಂದೊಂದು ಸುದ್ದಿ ಬಂದಾಗಲೂ ಟೋಕನ್ ಅಕ್ಕನಿಗೆ ಉಸಿರು ಸ್ವಲ್ಪ ಸಡಿಲವಾಗುತ್ತಿತ್ತು, ಆಮೇಲೆ ಬೀಗದಣ್ಣನ ನೀಲಿ ತುಟಿ ನೆನಪಾಗುತ್ತಿತ್ತು.

ಅತ್ತೆಗೂ ಅವಳು ಎಲ್ಲ ಹೇಳಿದಳು. ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ನನ್ನನ್ನ ಉಳಿಸ್ಕೊಂಡೆ, ಅದು ತಪ್ಪು ಅಂತ ಹೇಗೆ ಹೇಳ್ಲಿ? ಸರಿ ಅಂತಾನೂ ಹೇಗೆ ಹೇಳ್ಲಿ?" ಎಂದು ತನ್ನಷ್ಟಕ್ಕೆ ಗೊಣಗಿದಳು.

ಬೀಗದಣ್ಣನ ಆಪರೇಷನ್ ಕೊನೆಗೂ ಆಯಿತು. ಅವನು ಮನೆಗೆ ಬಂದ ಸುದ್ದಿ ಕೇಳಿ ಟೋಕನ್ ಅಕ್ಕ ಒಬ್ಬಳೇ ಹೋದಳು. ಡಾಕ್ಟರು ಆಗಲೇ ಆಸ್ಪತ್ರೆಗೆ ಹೋಗಿ ಅವನ ಕೈ ಹಿಡಿದು ಕ್ಷಮೆ ಕೇಳಿ ಬಂದಿದ್ದರು. ಬೀಗದಣ್ಣ ದಿಂಬುಗಳಿಗೆ ಒರಗಿ ಕೂತಿದ್ದ. ಅಂಗಿಯ ಗುಂಡಿಗಳ ನಡುವೆ ಎದೆಯ ಉದ್ದಕ್ಕೂ ಹೊಲಿಗೆಯ ಗೆರೆ ಕಾಣುತ್ತಿತ್ತು. ಬಾಗಿಲು ತೆರೆದ ಹೆಂಡತಿ ಹಾಗೇ ಅಡುಗೆ ಮನೆಗೆ ಹೋದಳು.

"ಬನ್ನಿ ಅಕ್ಕ. ಈಗ ನನ್ನ ಎದೆಯಲ್ಲೂ ಒಂದು ಹೊಸ ಬೀಗ ಹಾಕಿದ್ದಾರೆ. ಟಿಕ್ ಟಿಕ್ ಅಂತಿರುತ್ತೆ, ನಿದ್ದೇನೇ ಬರಲ್ಲ" ಎಂದ. ಅವಳಿಗೆ ನಗಲಾಗಲಿಲ್ಲ. ಅವನೂ ನಗು ನಿಲ್ಲಿಸಿದ.

"ಒಂದು ಕೇಳ್ತೀನಿ. ಮಲಗಿ ಮಲಗಿ ಇದೇ ಯೋಚನೆ. ಅವತ್ತು ನಾನು ನಿಮ್ಮ ಮೇಜಿನ ಹತ್ರ ಬಂದು ದೊಡ್ಡಾಸ್ಪತ್ರೆಗೆ ಹೋಗ್ಲಾ ಅಂತ ಕೇಳಿದೆನಲ್ಲ. ನೀವು ಅತ್ತೇನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗಿದ್ದು ಅದಾದ್ಮೇಲೆ, ಅಲ್ವಾ?"

ಅವನ ಮುಖದಲ್ಲಿ ಹೌದು ಅನ್ನಿ ಎಂಬ ಆಸೆ ಇತ್ತು. ಹೂಂ ಎಂದರೆ ಅವನಿಗೂ ನೆಮ್ಮದಿ, ತನಗೂ ನೆಮ್ಮದಿ. ಅಲ್ಲ ಎನ್ನಲು ಈ ಲೋಕದಲ್ಲಿ ಯಾರೂ ಇರಲಿಲ್ಲ.

"ಅಲ್ಲ ಅಣ್ಣ" ಎಂದಳು. "ಅದರ ಹಿಂದಿನ ದಿನ ಹೋಗಿದ್ದು. ಗೊತ್ತಿದ್ದೂ ಗೊತ್ತಿದ್ದೂ ನಿಮಗೆ ಬೇಡ ಅಂದೆ."

ಬೀಗದಣ್ಣ ಕಣ್ಣು ಮುಚ್ಚಿದ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವನು ಕಣ್ಣು ತೆರೆಯದೆಯೇ ಹೇಳಿದ: "ಅವಳು ಅಡುಗೆ ಮನೇಲಿದ್ದಾಳೆ. ಅವಳಿಗೂ ಹೇಳಿ ಹೋಗಿ. ನನ್ನ ಕೈಲಿ ಹೇಳೋಕಾಗಲ್ಲ."

ಅವಳು ಅಡುಗೆ ಮನೆಯ ಬಾಗಿಲಲ್ಲಿ ನಿಂತು, ಒಂದು ಮಾತೂ ತಿರುಚದೆ ಹೇಳಿದಳು. ಬೀಗದಣ್ಣನ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಲಿಲ್ಲ. ನಲ್ಲಿ ಮಾತ್ರ ನಿಲ್ಲಿಸಿದಳು.

"ಅವತ್ತು ಇವರನ್ನ ನಿಮ್ಮ ಹತ್ರ ಕಳಿಸಿದ್ದು ನಾನೇ" ಎಂದಳು ಕೊನೆಗೆ. "ಇವರು ನನ್ನ ಮಾತು ಕೇಳ್ತಿರ್ಲಿಲ್ಲ. ಹೋಗಿ ಟೋಕನ್ ಅಕ್ಕನ್ನಾದ್ರೂ ಕೇಳ್ಕೊಂಡು ಬನ್ನಿ, ಅವರು ಹೇಳಿದ ಹಾಗೆ ಮಾಡೋಣ ಅಂದೆ. ಅವರು ನಮಗೆ ಕೆಟ್ಟದ್ದು ಹೇಳಲ್ಲ ಅಂದೆ."

ತಪ್ಪಾಯಿತು ಎಂಬ ಮಾತನ್ನು ಟೋಕನ್ ಅಕ್ಕ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು. ಅದನ್ನು ಹೇಳಿದಳು. ಒಂದು ಸಲ ಹೇಳಿದರೆ ಸಾಲದೆಂದು ಇನ್ನೊಂದು ಸಲ ಹೇಳಿದಳು. ಬೀಗದಣ್ಣನ ಹೆಂಡತಿ ಕೇಳಿಸಿಕೊಂಡಳು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅವರಿಗೆ ಗುಳಿಗೆ ಕೊಡೋ ಹೊತ್ತಾಯ್ತು. ನೀವಿನ್ನು ಹೊರಡಿ" ಎಂದಳು.

ಟೋಕನ್ ಅಕ್ಕ ಹೊರಟಳು.